ಕೆಂಪು ಹಿಡಿಯದ ಗೋಸುಂಬೆ

ನಮ್ಮಪ್ಪನ ಬಾಯಿಂದ ‘ಚೆನ್ನಾಗಿದೆ’ ಅನ್ನುವ ಮಾತನ್ನು ಕೆಲಸಕ್ಕೆ ಸೇರಿದ ಮೊದಲ ಮೂರು ವರ್ಷದಲ್ಲಿ ನಾನು ಕೇಳಿದ್ದು ಒಂದೇ ಸಲ. ಅದೂ ನನಗೆ ಹೇಳಿದ್ದಲ್ಲ, ಹೊಸ ಎಕ್ಸಾಸ್ಟ್ ಫ್ಯಾನಿಗೆ.

ಅಪ್ಪ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸತ್ತ ಜೀವಗಳನ್ನು ಬಾಟಲಿಯಲ್ಲಿ ನಿಲ್ಲಿಸುವ ಕೆಲಸದವರು. ನಾನು ಅವರ ಅಸಿಸ್ಟೆಂಟ್. ಹಲ್ಲಿ, ಕಪ್ಪೆ, ಬಾವಲಿ, ಮೀನು, ಏನೇ ಸಣ್ಣದು ಕೈಗೆ ಸಿಕ್ಕಿದರೂ ಅದರ ಮಾಂಸವನ್ನು ಗಾಜಿನ ಹಾಗೆ ಪಾರದರ್ಶಕ ಮಾಡಿ, ಒಳಗಿನ ಮೂಳೆಗೆ ಕೆಂಪು, ಮೆದುಮೂಳೆಗೆ ನೀಲಿ ಕುಡಿಸಿ ಇಡುತ್ತೇವೆ. ಮೆದುಮೂಳೆ ಅಂದರೆ ಕಿವಿಯ ತುದಿ ಹಿಡಿದರೆ ಬಗ್ಗುತ್ತದಲ್ಲ, ಅಂಥದ್ದು. ಮುಗಿದ ಮೇಲೆ ನೋಡಿದರೆ ಎಕ್ಸ್‌ರೇಗೆ ಯಾರೋ ಕೂತು ಬಣ್ಣ ಹಚ್ಚಿದ ಹಾಗಿರುತ್ತದೆ.

ಹೇಳುವುದಕ್ಕೆ ಸುಲಭ. ಮಾಡುವುದಕ್ಕೆ ಮೂರು ತಿಂಗಳು. ಮೊದಲು ಚರ್ಮ ಸುಲಿದು ಹೊಟ್ಟೆ ಖಾಲಿ ಮಾಡಬೇಕು. ಆಮೇಲೆ ನೀಲಿ ಬಣ್ಣದಲ್ಲಿ ಒಂದು ದಿನ. ಆಮೇಲೆ ಮಾಂಸ ಕರಗಿಸುವ ಪುಡಿ ಬೆರೆಸಿದ ನೀರಿನಲ್ಲಿ ವಾರಗಟ್ಟಲೆ. ಆಮೇಲೆ ಕೆಂಪು. ಕೊನೆಗೆ ಗ್ಲಿಸರಿನ್, ಅದೂ ಒಂದೇ ಸಲಕ್ಕಲ್ಲ, ಮೆಟ್ಟಿಲು ಇಳಿದ ಹಾಗೆ ಸ್ವಲ್ಪ ಸ್ವಲ್ಪವಾಗಿ. ಇದರಲ್ಲಿ ಹುಷಾರಾಗಿರಬೇಕಾದ ಜಾಗ ನೀಲಿ. ಆ ಬಣ್ಣ ಹುಳಿ ನೀರಿನಲ್ಲಿರುತ್ತದೆ. ಒಂದು ದಿನಕ್ಕಿಂತ ಹೆಚ್ಚು ಬಿಟ್ಟರೆ ಹುಳಿ ಮೂಳೆಯ ಸುಣ್ಣವನ್ನು ತಿಂದುಬಿಡುತ್ತದೆ. ಸುಣ್ಣ ಹೋದ ಮೂಳೆಗೆ ಕೆಂಪು ಹಿಡಿಯುವುದಿಲ್ಲ. ತಮಾಷೆ ಏನೆಂದರೆ ಅದು ತಕ್ಷಣ ಗೊತ್ತಾಗುವುದಿಲ್ಲ. ವಾರಗಟ್ಟಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕೆಂಪಿಗೆ ಇಳಿಸಿದ ದಿನ ಬಣ್ಣ ಬಯಲಾಗುತ್ತದೆ.

ಅದಕ್ಕೇ ಪ್ರತಿ ಬಾಟಲಿಯ ಕುತ್ತಿಗೆಗೂ ಒಂದು ಚೀಟಿ. ಹಾಕಿದ್ದು ಯಾವಾಗ, ತೆಗೆದದ್ದು ಯಾವಾಗ, ದಿನ, ಗಂಟೆ. ಅಪ್ಪನ ಕಾನೂನು ಒಂದೇ: “ಹಾಕಿದವನೇ ತೆಗೀಬೇಕು, ತೆಗೆದವನೇ ಬರೀಬೇಕು.”

ನನಗೆ ಮನೆಯಲ್ಲೂ ಕಾಲೇಜಿನಲ್ಲೂ ಇರುವ ಹೆಸರು ಡೈಲಾಗು. ಹೊಸ ಸಿನಿಮಾದ ಮೊದಲ ಆಟ ನೋಡಿ ಬಂದರೆ ಮರುದಿನ ಕಪ್ಪೆಗಳ ಮುಂದೆ ಪೂರ್ತಿ ಕ್ಲೈಮ್ಯಾಕ್ಸ್ ಹೇಳುತ್ತೇನೆ. ಯಾರ ದನಿ ಬೇಕಾದರೂ ಮಾಡುತ್ತೇನೆ, ಯಾರ ಅಕ್ಷರ ಬೇಕಾದರೂ ಬರೆಯುತ್ತೇನೆ. ನನ್ನ ಚೀಟಿಗಳನ್ನೂ ಅಪ್ಪನ ಅಕ್ಷರದಲ್ಲೇ ಬರೆಯುತ್ತಿದ್ದೆ. ಒಮ್ಮೆ ವಿಭಾಗದ ಮೇಡಂ ಅಕ್ಷರದಲ್ಲಿ ‘ಇಂದು ಮಧ್ಯಾಹ್ನದ ಮೇಲೆ ರಜೆ’ ಎಂದು ಬೋರ್ಡಿನ ಮೇಲೆ ಬರೆದು ಇಡೀ ತರಗತಿಯನ್ನು ಮನೆಗೆ ಕಳಿಸಿದ್ದೆ. ಮೇಡಂ ಕೂಡ ಅದನ್ನು ಓದಿ, ತಾವೇ ಬರೆದು ಮರೆತಿರಬೇಕು ಅಂದುಕೊಂಡು ಬ್ಯಾಗು ಎತ್ತಿಕೊಂಡು ಹೊರಟುಹೋಗಿದ್ದರು.

ಇಂತಿಪ್ಪ ನನ್ನ ಸಾಮ್ರಾಜ್ಯಕ್ಕೆ ಭಾವ ಬಂದರು.

ಅಕ್ಕನ ಗಂಡ ವಾಚ್ ರಿಪೇರಿಯವರು. ಜನ ಫೋನಿನಲ್ಲಿ ಟೈಮ್ ನೋಡುವುದು ಶುರುವಾದ ಮೇಲೆ ಅಂಗಡಿಗೆ ಬರುತ್ತಿದ್ದವರು ಬರೀ ಸೆಲ್ ಹಾಕಿಸಿಕೊಳ್ಳುವವರು, ಇಲ್ಲವೇ ವಿಳಾಸ ಕೇಳುವವರು. ಅಂಗಡಿ ಮುಚ್ಚಿದರು. ಅಪ್ಪ ಮೇಡಂ ಹತ್ತಿರ ಮಾತಾಡಿ ನಮ್ಮ ರೂಮಿಗೆ ಕರೆದುಕೊಂಡರು.

ಮೊದಲ ದಿನವೇ ಅಪ್ಪ ಅವರ ಮುಂದೆ ಒಂದು ಹಲ್ಲಿ ಇಟ್ಟರು. ನಾನು ಗೋಡೆಗೆ ಒರಗಿ ನಿಂತೆ, ಮಜಾ ನೋಡೋಣ ಅಂತ. ನಾನು ಮೊದಲ ಸಲ ಚರ್ಮ ಸುಲಿದಾಗ ಅದರ ಜೊತೆ ಮೂರು ಬೆರಳು ಕಿತ್ತು ಬಂದಿದ್ದವು. ಭಾವ ಜೇಬಿನಿಂದ ವಾಚಿನವರ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು. ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ಅನುಮಾನ ಬರುವಷ್ಟು ಸುಮ್ಮನೆ ಕೂತರು. ಮುಕ್ಕಾಲು ಗಂಟೆಯಲ್ಲಿ ಹಲ್ಲಿಯ ಚರ್ಮ ಕೈಗವಸು ಕಳಚಿದ ಹಾಗೆ ಪೂರ್ತಿ ಈಚೆ ಬಂತು. ಬೆರಳು ಇಪ್ಪತ್ತೂ ಜಾಗದಲ್ಲಿದ್ದವು. ನಾನು ಎಣಿಸಿದೆ.

ಅಪ್ಪ ಬಗ್ಗಿ ನೋಡಿ ಅಂದರು, “ಚೆನ್ನಾಗಿದೆ, ಅಳಿಯಂದ್ರೆ.”

ನನ್ನ ಹೊಟ್ಟೆಯೊಳಗೆ ಯಾರೋ ಸ್ಟವ್ ಹಚ್ಚಿದರು. ಇಂಟರ್ವಲ್‌ಗೂ ಮೊದಲೇ ಹೀರೋ ಬದಲಾಗುವ ಸಿನಿಮಾ ನಾನು ಎಲ್ಲೂ ನೋಡಿರಲಿಲ್ಲ.

ಅವತ್ತಿನಿಂದ ರೂಮಿನ ಬೀರುವಿನ ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಗೀಟು ಎಳೆಯತೊಡಗಿದೆ. ಅಪ್ಪ ಒಂದು ಸಲ ‘ಚೆನ್ನಾಗಿದೆ’ ಅಂದರೆ ಒಂದು ಗೀಟು. ಎರಡು ತಿಂಗಳಲ್ಲಿ ಭಾವನ ಕಡೆ ಏಳು, ಫ್ಯಾನಿನ ಕಡೆ ಹಳೆಯದು ಒಂದು, ನನ್ನ ಕಡೆ ಸೊನ್ನೆ. ಫ್ಯಾನು ಕೂಡ ನನ್ನ ಮುಂದಿತ್ತು.

ಇಷ್ಟಾದರೂ ಮನುಷ್ಯ ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಅದೂ ಇಲ್ಲ. ನಾನು ಡೈಲಾಗು ಹೇಳಿದರೆ ಎಲ್ಲರೂ ಕೈ ಮುಗಿದು ಓಡುತ್ತಾರೆ. ಭಾವ ಮಾತ್ರ ಇಕ್ಕಳ ಕೆಳಗಿಟ್ಟು ಪೂರ್ತಿ ಕೇಳಿ, “ಆಮೇಲೆ ಏನಾಯ್ತು ಹೀರೋ?” ಅನ್ನುತ್ತಿದ್ದರು. ಅದನ್ನು ಕೇಳಿದರೆ ಇನ್ನೂ ಉರಿಯುತ್ತಿತ್ತು. ವಿಲನ್ ಆದವನು ವಿಲನ್ ಹಾಗೆ ಇರಬೇಕು ತಾನೇ?

ಆ ಹೊತ್ತಿಗೆ ಮೇಡಂ ಬಂದು ಸುದ್ದಿ ಹೇಳಿದರು. ಮೆಟ್ಟಿಲ ಬುಡದಲ್ಲಿ ಹೊಸ ಗಾಜಿನ ಬೀರು ಬರುತ್ತದೆ. ಏಳು ಬಾಟಲಿ. ನಡುವಿನದಕ್ಕೆ ಅಡಿಯಿಂದ ಬಲ್ಬು. ಅದರ ಲೇಬಲ್ಲಿನ ಮೇಲೆ ಪ್ರಾಣಿಯ ಹೆಸರಿನ ಕೆಳಗೆ ‘ತಯಾರಿಸಿದವರು’ ಅಂತ ಒಂದು ಸಾಲು. ಈ ಕಾಲೇಜಿನಲ್ಲಿ ಇಷ್ಟು ವರ್ಷ ಸತ್ತವರ ಹೆಸರು ಮಾತ್ರ ಬರೆಯುತ್ತಿದ್ದರು. ಬದುಕಿರುವವರ ಹೆಸರು ಇದೇ ಮೊದಲು.

ನಡುವಿನ ಬಾಟಲಿಗೆ ಗೋಸುಂಬೆ ಅಂತ ತೀರ್ಮಾನವಾಯಿತು. ಮೃಗಾಲಯದಿಂದ ಸತ್ತ ಗೋಸುಂಬೆಗಳು ಎರಡು ಬಂದಿದ್ದವು. ಅಪ್ಪನ ಕಣ್ಣಿಗೆ ಪೊರೆ ಬಂದು, ಚೀಟಿಯನ್ನು ಮೂಗಿಗೆ ಹಿಡಿದರೂ ಅಕ್ಷರ ಕಾಣುತ್ತಿರಲಿಲ್ಲ. ಅವರು ಮಾಡುವ ಹಾಗಿಲ್ಲ. ಅಂದರೆ ನಾನು. ಮನಸ್ಸಿನಲ್ಲಿ ಆಗಲೇ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಶುರುವಾಗಿತ್ತು.

ಅಪ್ಪ ದೊಡ್ಡ ಗೋಸುಂಬೆಯ ತಟ್ಟೆಯನ್ನು ಮೇಜಿನ ಮೇಲೆ ಸರಿಸಿದರು. ನನ್ನ ಕಡೆಗಲ್ಲ.

“ಅಳಿಯಂದ್ರೆ, ಇದು ನಿಮ್ಮದು.”

“ಮಾವ, ನಾನು ಬಂದು ಇನ್ನೂ ಎರಡೇ ತಿಂಗಳು. ಅವನು ಮಾಡ್ಲಿ.”

“ಗೋಸುಂಬೆ ಬೆರಳು ನೋಡಿದ್ದೀರಾ? ಇಕ್ಕಳದ ಹಾಗಿರುತ್ತೆ. ಅದಕ್ಕೆ ಅವಸರ ಆಗಲ್ಲ. ಇವನು ಚರ್ಮ ಸುಲಿಯೋದು ಬಸ್ ಹಿಡಿಯೋರ ಹಾಗೆ.”

ನಾನು ಎದೆ ಮುಂದೆ ಮಾಡಿ ನಿಂತೆ. “ಈ ಕೈ ಬರೀ ಕೈ ಅಲ್ಲ ಅಪ್ಪ. ಹಣೆಬರಹ ತಿದ್ದೋ ಪೆನ್ನು!”

“ಆಯ್ತು. ಆ ಪೆನ್ನು ತಗೊಂಡು ಹೋಗಿ ಬಾಟಲಿ ತೊಳಿ.”

ಸಂಜೆ ಮನೆಯಲ್ಲಿ ಬಟ್ಟೆ ಮಡಚುತ್ತಿದ್ದ ಅಕ್ಕನಿಗೆ ನನ್ನ ಮುಖ ಓದುವುದಕ್ಕೆ ಎರಡು ನಿಮಿಷ ಸಾಕಾಯಿತು.

“ಏನೋ, ನನ್ನ ಗಂಡನ್ನ ಕಂಡ್ರೆ ಉರ್ಕೋತಿದ್ದೀಯಾ?”

“ನಾನಾ? ಛೇ! ಅವರು ಮನೆ ದೀಪ ಕಣೇ ಅಕ್ಕ.”

“ದೀಪ ಅಂತೀಯ, ಹೊಗೆ ನಿನ್ನ ಕಿವೀಲಿ ಬರ್ತಿದೆ.”

ಭಾವ ಮೂರು ದಿನ ಕೂತು ಗೋಸುಂಬೆ ಸುಲಿದರು. ಬೀರುವಿನ ಹಿಂದೆ ಎಂಟನೆಯ ಗೀಟು. ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಅದನ್ನು ನೀಲಿಗೆ ಇಳಿಸಿ, ದುಂಡು ದುಂಡಾದ ಅಕ್ಷರದಲ್ಲಿ ಚೀಟಿ ಬರೆದರು. ಅವತ್ತೇ ಮಧ್ಯಾಹ್ನ ಅಪ್ಪನಿಗೆ ಕಣ್ಣಿನ ಆಪರೇಷನ್. ಸಕ್ಕರೆ ಕಾಯಿಲೆ ಇರುವುದರಿಂದ ಸೋಮವಾರದ ತನಕ ಇಟ್ಟುಕೊಳ್ಳುತ್ತೇವೆ ಅಂದಿದ್ದರು ಡಾಕ್ಟರು. ನಾನು ಆಗಲೇ ನನ್ನ ಬಟ್ಟೆ, ಅಪ್ಪನ ಫ್ಲಾಸ್ಕು ಎಲ್ಲ ಬ್ಯಾಗಿಗೆ ತುಂಬಿಕೊಂಡು ನಿಂತಿದ್ದೆ.

ಅಪ್ಪ ಅಂದರು, “ನೀನು ಬೇಡ. ಅಳಿಯಂದ್ರು ಇರ್ತಾರೆ ಜೊತೇಲಿ. ನೀನು ರೂಮ್ ನೋಡ್ಕೋ.” ಕೀ ನನ್ನ ಅಂಗೈಗೆ ಹಾಕಿದರು.

ಭಾವ ಹೊರಡುವಾಗ ನನ್ನ ಭುಜ ಹಿಡಿದು, “ಹೀರೋ, ಹಾಕಿದವನೇ ತೆಗೀಬೇಕು ಅನ್ನೋದು ಮಾವನ ಕಾನೂನು. ಇದೊಂದ್ಸಲ ಬಿಟ್ಟುಬಿಡೋಣ. ನಾಳೆ ಹತ್ತಕ್ಕೆ ತೆಗೆದುಬಿಡ್ತೀಯಾ?” ಅಂದರು.

“ಭಾವ, ಪ್ರಾಣ ಹೋದ್ರೂ ಟೈಮ್ ಹೋಗಲ್ಲ!”

ಶನಿವಾರ ಹತ್ತು ಗಂಟೆಗೆ ನಾನು ಆ ಬಾಟಲಿಯ ಮುಂದೆಯೇ ನಿಂತಿದ್ದೆ. ಎತ್ತಿ ತೆಗೆಯುವ ಚಮಚವೂ ಕೈಯಲ್ಲಿತ್ತು. ಗೋಸುಂಬೆ ನೀಲಿಯೊಳಗೆ ಬಾಲ ಸುತ್ತಿಕೊಂಡು ಕೂತಿತ್ತು. ಆಸ್ಪತ್ರೆಯಲ್ಲಿ ಭಾವ ಅಪ್ಪನಿಗೆ ಪೇಪರ್ ಓದಿ ಹೇಳುತ್ತಿರಬಹುದು, ಕಣ್ಣಿಗೆ ಡ್ರಾಪ್ಸ್ ಹಾಕುತ್ತಿರಬಹುದು, ನನ್ನ ಅಪ್ಪ ಅವರ ಕೈ ಹಿಡಿದು ಬಾತ್‌ರೂಮಿಗೆ ನಡೆಯುತ್ತಿರಬಹುದು ಅನ್ನಿಸಿತು. ಡ್ರಾಪ್ಸ್ ಹಾಕಿದ್ದಕ್ಕೂ ‘ಚೆನ್ನಾಗಿದೆ’ ಅಂದಿರುತ್ತಾರೆ. ಅಲ್ಲಿ ಎಷ್ಟು ಗೀಟು ಬಿದ್ದವೋ ಯಾರಿಗೆ ಗೊತ್ತು?

ಚಮಚ ಕೆಳಗಿಟ್ಟೆ. ಹನ್ನೊಂದಕ್ಕೆ ತೆಗೆಯೋಣ ಅಂದುಕೊಂಡೆ. ಹನ್ನೊಂದಾಯಿತು. ಸಂಜೆ ಅಂದುಕೊಂಡೆ. ಸಂಜೆ ಲೈಟ್ ಆರಿಸಿ, ಬೀಗ ಹಾಕಿ ಸಿನಿಮಾಕ್ಕೆ ಹೋದೆ. ಯಾವ ಸಿನಿಮಾ ಅಂತ ಕೇಳಿದರೆ ಈಗಲೂ ನೆನಪಾಗುವುದಿಲ್ಲ.

ತೆಗೆದದ್ದು ಸೋಮವಾರ ಬೆಳಗ್ಗೆ. ಅವರು ಬರುವುದಕ್ಕೆ ಮೊದಲು ಬಾಟಲಿ ಬದಲಿಸಿ, ಚೀಟಿಯ ಎರಡನೆಯ ಸಾಲಿನಲ್ಲಿ ‘ಶನಿವಾರ, ಬೆಳಗ್ಗೆ 10’ ಅಂತ ಬರೆದೆ. ಭಾವನ ದುಂಡು ಅಕ್ಷರದಲ್ಲೇ ಬರೆದೆ. ಮೇಲಿನ ಸಾಲು ಯಾರದು, ಕೆಳಗಿನದು ಯಾರದು, ಭಾವನಿಗೇ ಗೊತ್ತಾಗಬಾರದು, ಹಾಗೆ. ಬರೆದು ದೂರ ಹಿಡಿದು ನೋಡಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮುಂದಿನ ಆರು ವಾರ ಹೇಗೆ ಕಳೆದೆನೋ! ಮಾಂಸ ದಿನದಿನಕ್ಕೂ ಕರಗುತ್ತ ಬಂತು. ಮೊದಲು ಬಾಲ ಗಾಜಾಯಿತು, ಆಮೇಲೆ ಕಾಲು, ಆಮೇಲೆ ಹೊಟ್ಟೆ. ಬೆರಳ ತುದಿಗಳಲ್ಲಿ, ಎದೆಯ ನಡುವೆ, ನಾಲಿಗೆಯ ಬುಡದಲ್ಲಿ ಶಾಯಿ ಚುಕ್ಕಿ ಇಟ್ಟ ಹಾಗೆ ನೀಲಿ. ವಿಭಾಗದವರೆಲ್ಲ ಬಂದು ಬಂದು ನೋಡಿ ಹೋದರು. ನಾನು ಬಾಟಲಿ ತೊಳೆಯುತ್ತ ಒಳಗೊಳಗೇ ನಕ್ಕೆ. ಆಮೇಲಾಮೇಲೆ ಆ ನಗುವೂ ಬಾಯಿಗೆ ರುಚಿಸಲಿಲ್ಲ. ಒಂದು ದಿನ ಭಾವ ನನ್ನ ನಿಂತುಹೋದ ವಾಚನ್ನು ನಾನು ಕೇಳದೆಯೇ ರಿಪೇರಿ ಮಾಡಿ ಮೇಜಿನ ಮೇಲಿಟ್ಟಿದ್ದರು. ಕಟ್ಟಿಕೊಂಡೆ. ಥ್ಯಾಂಕ್ಸ್ ಹೇಳಲಿಲ್ಲ. ಅದು ಸರಿಯಾಗಿ ಓಡುತ್ತಿತ್ತು, ಹಾಳಾದ್ದು.

ಕೆಂಪಿನ ದಿನ ಬಂತು. ಬಣ್ಣದಲ್ಲಿ ಇಟ್ಟು, ಮರುದಿನ ತೆಗೆದು, ನೀರಿನಲ್ಲಿ ತೊಳೆದು ಬಿಳಿ ತಟ್ಟೆಗೆ ಹಾಕಿದರು ಭಾವ. ಪಕ್ಕದ ತಟ್ಟೆಯಲ್ಲಿ ಅವರದೇ ಹಲ್ಲಿ ಇತ್ತು, ತಲೆಯಿಂದ ಬಾಲದವರೆಗೆ ಕೆಂಪಗೆ. ಗೋಸುಂಬೆಯ ತಲೆ ಬರೀ ಬಿಳಿಚು. ಬೆನ್ನು ಬಿಳಿಚು. ಬಾಲದ ಬುಡದಲ್ಲಿ ಎಲ್ಲೋ ಒಂದಿಷ್ಟು ಗುಲಾಬಿ, ಅದೂ ತೊಳೆದ ಬಟ್ಟೆಯ ಕಲೆಯ ಹಾಗೆ. ಉಳಿದದ್ದೆಲ್ಲ ನೀಲಿ ಚುಕ್ಕಿಗಳು ಗಾಳಿಯಲ್ಲಿ ತೇಲುತ್ತಿರುವಂತೆ.

ಅಪ್ಪ ತಟ್ಟೆಯನ್ನು ಬೆಳಕಿನ ಕಡೆ ಎಳೆದುಕೊಂಡರು.

“ಹುಳೀಲಿ ಜಾಸ್ತಿ ಹೊತ್ತು ಇದ್ದುಬಿಟ್ಟಿದೆ,” ಅಂದರು ಅಪ್ಪ. “ಒಂದು ದಿನ ಅಲ್ಲ. ಮೂರು ದಿನ.”

ಅಪ್ಪ ಚೀಟಿ ಬಿಚ್ಚಿದರು. ಆಪರೇಷನ್ ಆದ ಮೇಲೆ ಅವರ ಕಣ್ಣು ಹದ್ದಿನ ಕಣ್ಣಾಗಿತ್ತು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇನ್ನೊಂದನ್ನೂ ತೆಗೆದುಕೊಂಡಿರಲಿಲ್ಲ ಅಂತ ಅವರು ಬಾಯಿ ಬಿಟ್ಟ ಮೇಲೆ ಗೊತ್ತಾಯಿತು.

“ಅಳಿಯಂದ್ರೆ, ಇದು ನಿಮ್ಮ ಅಕ್ಷರ. ಶನಿವಾರ ಬೆಳಗ್ಗೆ ಹತ್ತು ಅಂತಿದೆ. ಶನಿವಾರ ಬೆಳಗ್ಗೆ ಹತ್ತಕ್ಕೆ ನೀವು ಆಸ್ಪತ್ರೇಲಿ ನನ್ನ ಪಕ್ಕ ಕೂತು ಪೇಪರ್ ಓದ್ತಿದ್ರಿ.”

ಜಗತ್ತಿನ ಯಾರ ಅಕ್ಷರದಲ್ಲಿ ಬೇಕಾದರೂ ಬರೆಯಬಲ್ಲ ಮಹಾಶಯ, ಆ ಹೊತ್ತಿನಲ್ಲಿ ರೂಮಿನಲ್ಲೇ ಇಲ್ಲದವರ ಅಕ್ಷರದಲ್ಲಿ ಬರೆದಿದ್ದೆ! ನನ್ನ ಕೋಳಿಕಾಲು ಅಕ್ಷರದಲ್ಲೇ ಬರೆದಿದ್ದರೆ ಚೀಟಿಯ ಸುಳ್ಳು ಇಷ್ಟು ಬೇಗ ಸಿಕ್ಕಿಬೀಳುತ್ತಿರಲಿಲ್ಲ.

ಭಾವ ಒಮ್ಮೆ ನನ್ನ ಕಡೆ ನೋಡಿದರು. ಒಂದೇ ಕ್ಷಣ. ಅವರಿಗೆ ಎಲ್ಲ ಗೊತ್ತಾಯಿತು ಅಂತ ನನಗೆ ಗೊತ್ತಾಯಿತು.

“ತಪ್ಪು ನಂದು ಮಾವ. ಆಸ್ಪತ್ರೆ ಗಡಿಬಿಡೀಲಿ ಚೀಟಿನ ಮೊದಲೇ ತುಂಬಿಬಿಟ್ಟಿದ್ದೆ. ಇವನಿಗೆ ಹೇಳುವಾಗ ಸೋಮವಾರ ಅಂದುಬಿಟ್ಟೆ. ಅವನು ಹೇಳಿದ ಹಾಗೆ ಮಾಡ್ದ.”

ಈಗ ಅಪ್ಪ ಸಿಡಿಯುತ್ತಾರೆ ಅಂದುಕೊಂಡೆ. ಚೀಟಿಯನ್ನು ಮೊದಲೇ ತುಂಬುವುದು ನಮ್ಮ ರೂಮಿನಲ್ಲಿ ಮಹಾಪಾಪ. ಒಮ್ಮೆ ನಾನು ಹತ್ತು ನಿಮಿಷ ಮೊದಲು ಬರೆದಿದ್ದಕ್ಕೆ ಒಂದು ವಾರ ಮುಖ ತಿರುಗಿಸಿದ್ದರು. ಅಪ್ಪ ಚೀಟಿ ಮಡಚಿ ಮೇಜಿನ ಮೇಲಿಟ್ಟರು. ಆಮೇಲೆ ಭಾವನ ಭುಜದ ಮೇಲೆ ಕೈ ಹಾಕಿದರು.

“ಒಪ್ಕೊಂಡ್ರಲ್ಲ, ಅಷ್ಟು ಸಾಕು. ನಾನೂ ಒಂದ್ಸಲ ಹೀಗೇ ಮಾಡಿದ್ದೆ. ಹೊಸದ್ರಲ್ಲಿ. ನೀರುನಾಯಿ ಮರಿ ಅದು. ನಮ್ಮ ಗುರುಗಳ ಮುಂದೆ ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ, ಬೇರೆಯವರ ಮೇಲೆ ಹಾಕ್ದೆ. ನೀವು ನನಗಿಂತ ವಾಸಿ. ಕೂತ್ಕೊಳ್ಳಿ, ಟೀ ತರಿಸ್ತೀನಿ.”

ಟೀ! ಮೂರು ವರ್ಷದಲ್ಲಿ ಈ ರೂಮಿನೊಳಗೆ ನೀರು ಕುಡಿಯುವುದಕ್ಕೂ ಬಿಟ್ಟಿರಲಿಲ್ಲ ಮನುಷ್ಯ. ನೀರುನಾಯಿಯ ಕತೆ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನನ್ನ ತಪ್ಪಿಗೆ ನನ್ನಪ್ಪ ಅವರ ಭುಜ ತಟ್ಟುತ್ತಿದ್ದಾರೆ! ಕೆಲಸ ಮಾಡಿದರೂ ಅವರಿಗೇ ಗೀಟು, ಕೆಲಸ ಕೆಡಿಸಿದ್ದು ನಾನಾದರೂ ಅವರಿಗೇ ಗೀಟು?

“ನಿಲ್ಲಿಸಿ!” ಅಂದೆ. ದನಿ ಸಿನಿಮಾದ್ದಾಗಿರಲಿಲ್ಲ, ಸೀಳಿತ್ತು. “ಆ ತಪ್ಪು ನಂದು! ಅದಕ್ಕೆ ಅವರು ಟೀ ಕುಡಿಯೋ ಹಾಗಿಲ್ಲ!”

ಅಪ್ಪ ತಿರುಗಿದರು.

“ಭಾವ ಶನಿವಾರ ಅಂತಲೇ ಹೇಳಿದ್ರು. ಹತ್ತು ಗಂಟೆಗೆ ನಾನು ಇಲ್ಲೇ ನಿಂತಿದ್ದೆ, ಚಮಚ ಹಿಡ್ಕೊಂಡು. ಬೇಕಂತ ತೆಗೀಲಿಲ್ಲ. ಸೋಮವಾರ ತೆಗ್ದೆ. ಅವರ ಅಕ್ಷರದಲ್ಲಿ ಬರ್ದೆ. ಅವರು ಸುಳ್ಳು ಹೇಳ್ತಿದ್ದಾರೆ. ಸುಳ್ಳನ್ನೂ ಎಷ್ಟು ನೀಟಾಗಿ ಹೇಳ್ತಾರೆ ನೋಡಿ!”

“ಯಾಕೆ ತೆಗೀಲಿಲ್ಲ?”

ಇಲ್ಲಿ ಒಂದು ಡೈಲಾಗು ಬೇಕಿತ್ತು. ನೂರು ಕ್ಲೈಮ್ಯಾಕ್ಸ್ ಬಾಯಿಪಾಠ ಇರುವ ತಲೆಯಲ್ಲಿ ಒಂದು ಸಾಲೂ ಸಿಗಲಿಲ್ಲ.

“ಆಸ್ಪತ್ರೆಗೆ ನನ್ನ ಕರ್ಕೊಂಡು ಹೋಗ್ಲಿಲ್ಲ ನೀವು.”

ಅಪ್ಪ ಸ್ಟೂಲಿನ ಮೇಲೆ ಕೂತು, ಮೊಣಕಾಲು ಸವರಿಕೊಳ್ಳುತ್ತ ಅಂದರು, “ಪಕ್ಕದಲ್ಲಿ ಕೂತು ಡ್ರಾಪ್ಸ್ ಹಾಕೋಕೆ ಯಾರಾದ್ರೂ ಆಗುತ್ತೆ ಕಣೋ. ಈ ರೂಮಿನ ಕೀ ಮೂವತ್ತೊಂದು ವರ್ಷದಲ್ಲಿ ಯಾರ ಕೈಗೂ ಕೊಟ್ಟಿರ್ಲಿಲ್ಲ. ಮೇಡಂ ಕೇಳಿದ್ರೂ ಕೊಟ್ಟಿಲ್ಲ. ನಿನಗೆ ಕೊಟ್ಟು ಹೋಗಿದ್ದೆ. ಬಂದ ಮೇಲೂ ವಾಪಸ್ ಕೇಳಿರ್ಲಿಲ್ಲ.”

ನಾನು ಜೇಬಿನೊಳಗಿದ್ದ ಕೀಯನ್ನು ಮುಟ್ಟಿ ನೋಡಿಕೊಂಡೆ.

ಅಪ್ಪ ಕೈ ಚಾಚಿದರು. “ಕೊಡು.”

ಕೀ ಕೊಟ್ಟೆ. ಅದನ್ನು ಜೇಬಿಗೆ ಹಾಕಿಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಅವತ್ತು ಸಂಜೆ ಬಸ್‌ಸ್ಟಾಪಿನಲ್ಲಿ ಭಾವನನ್ನು ಹಿಡಿದೆ. “ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ? ನಿಮಗೆ ಯಾವಾಗ ಗೊತ್ತಾಯ್ತು?”

“ಸೋಮವಾರವೇ ಚೀಟಿ ನೋಡಿದ್ನಲ್ಲ. ನಾನು ಬರೀದೇ ನನ್ನ ಅಕ್ಷರ ಎಲ್ಲಿಂದ ಬರುತ್ತೆ? ಶನಿವಾರವೇ ತೆಗೆದಿರ್ತೀಯ, ತಮಾಷೆಗೆ ನನ್ನ ಹಾಗೆ ಬರೆದಿದ್ದೀಯ ಅಂದ್ಕೊಂಡೆ. ಮೂಳೆ ನೋಡಿದ ಮೇಲೆ ಗೊತ್ತಾಯ್ತು.”

“ಬೈಯ್ರಿ ಭಾವ. ಒಂದು ಹೊಡೀರಿ ಬೇಕಾದ್ರೆ.”

“ಫೋನ್ ಮಾಡಿ ಮನೇಲಿ ಎಲ್ಲ ಹೇಳಿದ್ದೀನಿ. ನಿಮ್ಮಕ್ಕ ಕಾಯ್ತಿದ್ದಾಳೆ, ಇಬ್ಬರ ಪಾಲಿಂದೂ ಅವಳೇ ಕೊಡ್ತಾಳೆ.”

ಕೊಟ್ಟಳು. ಅದರ ವಿವರ ಇಲ್ಲಿ ಬೇಡ. ಎಡಗಿವಿ ಎರಡು ದಿನ ಕೆಂಪಗಿತ್ತು. ಕೆಂಪು ಹಿಡಿಯಬೇಕಾದ ಕಡೆ ಹಿಡಿಯಲಿಲ್ಲ, ಇಲ್ಲಿ ಹಿಡಿಯಿತು.

ಗಾಜಿನ ಬೀರು ಬಂದ ದಿನ ಅದರಲ್ಲಿ ಆರೇ ಬಾಟಲಿ. ನಡುವಿನ ಬಲ್ಬು ಯಾರೂ ಇಲ್ಲದ ಜಾಗಕ್ಕೆ ಬೆಳಕು ಬಿಟ್ಟುಕೊಂಡು ಉರಿಯುತ್ತಿತ್ತು. ನೋಡಿದವರೆಲ್ಲ “ಇಲ್ಲೇನು?” ಅಂತ ಕೇಳುವರು. ಅಪ್ಪ “ತಯಾರಾಗ್ತಿದೆ” ಅನ್ನುವರು. ಪ್ರತಿ ಸಲ ನಾನು ಶೂ ಲೇಸ್ ಕಟ್ಟಿಕೊಳ್ಳುವುದಕ್ಕೆ ಬಗ್ಗುತ್ತಿದ್ದೆ.

ಭಾವ ಎರಡನೆಯ ಗೋಸುಂಬೆ ಸುಲಿದರು. ಚಿಕ್ಕದು, ಇನ್ನೂ ಕಷ್ಟದ್ದು. ಶುಕ್ರವಾರ ಹತ್ತಕ್ಕೆ ನೀಲಿಗೆ ಇಳಿಸಿದರು. ಶನಿವಾರ ಬೆಳಗ್ಗೆ ಅಪ್ಪ ಕಣ್ಣು ತೋರಿಸುವುದಕ್ಕೆ ಆಸ್ಪತ್ರೆಗೆ ಹೋಗಬೇಕಿತ್ತು. ಶುಕ್ರವಾರ ಸಂಜೆ ನನ್ನ ಎದುರಿಗೇ ಭಾವ ಅಂದರು, “ಮಾವ, ನಾಳೆ ನಾನೇ ನಿಮ್ಮ ಜೊತೆ ಬರ್ತೀನಿ. ಬಾಟಲೀನ ಹೀರೋ ತೆಗೀತಾನೆ.”

ಅಪ್ಪ ನನ್ನನ್ನು ನೋಡಿದರು. ಭಾವನನ್ನು ನೋಡಿದರು. ಕೀಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಕೈಗೆ ಕೊಡಲಿಲ್ಲ. ಮೇಜಿನ ಮೇಲೆ ಇಟ್ಟರು.

ಮರುದಿನ ಎಂಟು ಗಂಟೆಗೇ ರೂಮಿನಲ್ಲಿದ್ದೆ. ಎರಡು ಗಂಟೆ ಕಾಲ ಆ ಗೋಸುಂಬೆಯೂ ನಾನೂ ಮುಖಾಮುಖಿ. ಅದರ ಮುಂದೆ ಒಂದು ಡೈಲಾಗೂ ಹೇಳಲಿಲ್ಲ. ಹತ್ತಕ್ಕೆ ಸರಿಯಾಗಿ, ಭಾವ ರಿಪೇರಿ ಮಾಡಿದ ವಾಚು ನೋಡಿಕೊಂಡು, ಚಮಚ ಇಳಿಸಿದೆ. ಆಮೇಲೆ ಪೆನ್ನು ತೆಗೆದು ನನ್ನದೇ ಅಕ್ಷರದಲ್ಲಿ ಬರೆದೆ. ಬೇರೆ ಯಾರದ್ದೂ ಅಲ್ಲದ ಅಕ್ಷರ ಬರೆದು ಎಷ್ಟು ವರ್ಷವಾಗಿತ್ತೋ, ಕೈ ತಡವರಿಸಿತು.

ಮಧ್ಯಾಹ್ನ ಅಪ್ಪ ಬಂದು ಚೀಟಿ ಎತ್ತಿ ಬೆಳಕಿಗೆ ಹಿಡಿದರು.

“ಯಾರದಿದು ಅಕ್ಷರ?”

“ನಂದೇ.”

“ಇಷ್ಟು ಕೆಟ್ಟದಾಗಿದ್ಯಾ?”

“ಹೂಂ.”

ಇನ್ನೊಂದು ಸಲ ನೋಡಿದರು. “ಪರವಾಗಿಲ್ಲ.”

ರೂಮಿನ ಬೀರುವಿನ ಬಾಗಿಲ ಹಿಂದೆ ನನ್ನ ಕಡೆ ಅರ್ಧ ಗೀಟು ಎಳೆದೆ. ಫ್ಯಾನನ್ನು ಹಿಡಿಯುವುದಕ್ಕೆ ಇನ್ನರ್ಧ ಬಾಕಿ.

ಕೆಂಪಿನ ದಿನ ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಒಳಗೆ ಹೋಗುವ ಧೈರ್ಯವಿರಲಿಲ್ಲ. ಭಾವ ಬಿಳಿ ತಟ್ಟೆಗೆ ನೀರು ಬಿಟ್ಟರು. ಅಪ್ಪ ಬಗ್ಗಿದರು. ಫ್ಯಾನು ತಿರುಗುತ್ತಲೇ ಇತ್ತು.

“ಚೆನ್ನಾಗಿದೆ,” ಅಂದರು ಅಪ್ಪ.

ಯಾರಿಗೆ ಅಂತ ಹೇಳಲಿಲ್ಲ. ಆದರೆ ಲೇಬಲ್ಲಿನ ಮೇಲೆ ‘ತಯಾರಿಸಿದವರು’ ಅನ್ನುವ ಸಾಲಿನಲ್ಲಿ ಯಾರ ಹೆಸರು ಬರುತ್ತದೆ ಅಂತ ಮೂವರಿಗೂ ಗೊತ್ತಿತ್ತು. ಅದು ಸರಿಯಾಗಿಯೇ ಇತ್ತು. ಸರಿಯಾಗಿದೆ ಅಂತ ಗೊತ್ತಿದ್ದರೂ ಹೊಟ್ಟೆಯೊಳಗಿನ ಸ್ಟವ್ ಪೂರ್ತಿ ಆರಲಿಲ್ಲ. ಉರಿ ಸಣ್ಣಗಾಗಿತ್ತು, ಅಷ್ಟೆ.

“ಬಾ ಹೀರೋ, ನೋಡು,” ಎಂದರು ಭಾವ.

ಹೋದೆ. ಮೇಜಿನ ಮುಂದೆ ಒಬ್ಬರು ನಿಲ್ಲುವಷ್ಟೇ ಜಾಗ. ಭಾವ ಕಣ್ಣಿನ ಭೂತಗನ್ನಡಿ ತೆಗೆದು ನನ್ನ ಕೈಗೆ ಕೊಟ್ಟು, ಸದ್ದಿಲ್ಲದೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಗಾಜಿನಂಥ ಮೈಯೊಳಗೆ ಗೋಸುಂಬೆಯ ಬೆನ್ನು, ಪಕ್ಕೆಲುಬು, ಇಕ್ಕಳದಂಥ ಬೆರಳು ಎಲ್ಲ ಕೆಂಪಗೆ, ಒಂದೊಂದು ಗೆಣ್ಣೂ ಎಣಿಸುವ ಹಾಗೆ ಕಾಣುತ್ತಿತ್ತು.

ಹಾಗೆ ಪಕ್ಕಕ್ಕೆ ಸರಿಯುವುದನ್ನೂ ಅವರು ನನಗಿಂತ ಚೆನ್ನಾಗಿ ಮಾಡಿದರು.